ಹಿತ್ತಲಿನ ಬಾವಿಯ ಕಲ್ಲು ಎತ್ತಿದ ಮೇಲೆ

2024ರ ಮಾರ್ಚ್. ಬೆಂಗಳೂರಿನ ವಿದ್ಯಾರಣ್ಯಪುರದ ನಮ್ಮ ಮನೆಯ ಬೋರ್‌ವೆಲ್‌ನಲ್ಲಿ ಬರೀ ಗಾಳಿ ಬರತೊಡಗಿತು. ಟ್ಯಾಂಕರಿಗೆ ಫೋನ್ ಮಾಡಿದರೆ ನಾಳೆ, ನಾಡಿದ್ದು ಅನ್ನುತ್ತಿದ್ದರು. ನಲ್ಲಿಯಲ್ಲಿ ಕಾವೇರಿ ನೀರು ಬರುತ್ತಿದ್ದುದು ವಾರಕ್ಕೆರಡು ಸಲ, ಅದೂ ಸಣ್ಣಗೆ. ಒಂದು ಬೆಳಿಗ್ಗೆ ನಮ್ಮ ಅತ್ತೆ ಹಿತ್ತಲಿನ ಚಪ್ಪಡಿ ಕಲ್ಲಿನ ಮೇಲೆ ಕೂತು, "ಇದರ ಕೆಳಗೆ ನೀರಿತ್ತು ಕಣಮ್ಮ. ನಾನೇ ಎಷ್ಟು ಕೊಡ ಸೇದಿದ್ದೀನಿ" ಅಂದರು.

ಆ ಕಲ್ಲಿನ ಮೇಲೆ ನಾನು ಇಪ್ಪತ್ತು ವರ್ಷ ಬಟ್ಟೆ ಒಗೆದಿದ್ದೇನೆ. ಕೆಳಗೆ ಹಾಳು ಬಾವಿ ಇದೆ ಅಂತ ಗೊತ್ತಿತ್ತು, ಅಷ್ಟೇ. 1984ರಲ್ಲಿ ಮನೆ ಕಟ್ಟುವಾಗ ಮಾವನವರು ತೋಡಿಸಿದ್ದು. 5 ಅಡಿ ಅಗಲ, 30 ಅಡಿ ಆಳ. 1996ರಲ್ಲಿ ಬೋರ್ ಕೊರೆಸಿದರು. ಬೀದಿಯವರೆಲ್ಲ ಕೊರೆಸಿದರು. ಅಂಗಳಕ್ಕೆ ಕಾಂಕ್ರೀಟು ಬಂತು, ರಸ್ತೆಗೆ ಡಾಂಬರು ಬಂತು. ಮಳೆನೀರಿಗೆ ಒಳಗೆ ಇಳಿಯಲು ದಾರಿಯೇ ಇಲ್ಲದಾಯಿತು. ಬಾವಿ ಬತ್ತಿತು. ಒಡೆದ ಹೆಂಚು, ಕಸ ಸುರಿದು ಕಲ್ಲು ಮುಚ್ಚಿದರು.

ಬೆಂಗಳೂರಿನ ನೆಲದ ಲೆಕ್ಕ ನನಗೆ ಅರ್ಥವಾಗಿದ್ದು ಆಮೇಲೆ. ಮೇಲೆ ಮಣ್ಣು, ಅದರ ಕೆಳಗೆ ಪುಡಿಪುಡಿಯಾದ ಮೆತ್ತನೆಯ ಕಲ್ಲು. ಮಳೆನೀರು ನಿಲ್ಲುವುದು ಇಲ್ಲಿ. ಬಾವಿಗೆ ಸಿಗುವುದೂ ಇದೇ. ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಅದರ ಬಿರುಕುಗಳಲ್ಲಿ ಮಾತ್ರ ನೀರು. ಬೋರ್‌ವೆಲ್ ಹೀರುವುದು ಹೆಚ್ಚಾಗಿ ಅದನ್ನೇ. ಮೇಲಿನ ಪದರ ಒಂದೆರಡು ಮಳೆಗಾಲದಲ್ಲಿ ತುಂಬಿಕೊಳ್ಳಬಹುದು. ಸಾವಿರ ಅಡಿ ಕೆಳಗಿನ ಬಿರುಕಿಗೆ ನೀರು ಮರಳಿ ಸೇರಲು ಎಷ್ಟೋ ಕಾಲ ಬೇಕು. ಬೋರಿನಲ್ಲಿ ನಾವು ಎಷ್ಟು ತೆಗೆದೆವು, ಎಷ್ಟು ಉಳಿದಿದೆ ಅನ್ನುವುದು ಕಣ್ಣಿಗೆ ಕಾಣುವುದೇ ಇಲ್ಲ. ಬಾವಿ ಹಾಗಲ್ಲ. ಬಗ್ಗಿ ನೋಡಿದರೆ ಸಾಕು, ಗೊತ್ತಾಗುತ್ತದೆ.

ಬಾವಿ ಕೆಲಸಕ್ಕೆ ಮಣ್ಣು ಒಡ್ಡರನ್ನು ಕರೆಯಿರಿ ಅಂತ ಪರಿಚಯದವರು ಹೇಳಿದರು. ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದ ಜನ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳ ಹೂಳು ತೆಗೆದವರೂ ಇವರೇ. ಏಪ್ರಿಲ್‌ನಲ್ಲಿ ಮೂವರು ಬಂದರು. ಕಲ್ಲು ಸರಿಸಿದ ಕೂಡಲೇ ಇಳಿಯುತ್ತಾರೆ ಅಂದುಕೊಂಡಿದ್ದೆ. ಹಿರಿಯರು ಬಿಡಲಿಲ್ಲ. "ಒಂದು ದಿನ ಗಾಳಿ ಆಡಲಿ ಅಕ್ಕಾ. ಒಳಗೆ ಕೆಟ್ಟ ಗಾಳಿ ಇರ್ತದೆ" ಅಂದರು. ಮಾರನೆಯ ದಿನ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿದರು. ಹದಿನೈದು ಅಡಿಗೆ ದೀಪ ಆರಿಹೋಯಿತು. ಸೊಪ್ಪಿನ ಕೊಂಬೆ ಇಳಿಸಿ ಮೇಲೆ ಕೆಳಗೆ ಬಹಳ ಹೊತ್ತು ಆಡಿಸಿದರು, ಬ್ಲೋವರ್ ತಂದು ಗಾಳಿ ಬಿಟ್ಟರು. ದೀಪ ತಳದವರೆಗೂ ಉರಿದ ಮೇಲೆಯೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬರು ಇಳಿದರು, ಇಬ್ಬರು ಮೇಲೆ ನಿಂತರು. ಹಳೆ ಬಾವಿ ತೆರೆಯುವವರು ದಯವಿಟ್ಟು ಈ ವಿಷಯದಲ್ಲಿ ಅವಸರ ಮಾಡಬೇಡಿ. ಗೊತ್ತಿಲ್ಲದವರನ್ನು ಇಳಿಸಬೇಡಿ.

ನಾಲ್ಕು ದಿನ ಹೂಳು ತೆಗೆದರು. ಬಾಂಡ್ಲಿ ಬಾಂಡ್ಲಿ ಕಸ. ಪ್ಲಾಸ್ಟಿಕ್ ಕವರು, ಬಾಟಲಿ, ಮಕ್ಕಳ ಚಪ್ಪಲಿ. ಕೊನೆಗೆ ಅತ್ತೆಯ ಹಳೆಯ ಹಿತ್ತಾಳೆ ಕೊಡವೂ ಬಂತು, ನಜ್ಜುಗುಜ್ಜಾಗಿ. ತಳದಲ್ಲಿ ಬರೀ ತೇವ. ನೀರಿಲ್ಲ.

ಇಲ್ಲಿಂದ ತಾರಸಿಯ ಕೆಲಸ. ಜಲಮಂಡಳಿ ಮಳೆನೀರು ಸಂಗ್ರಹ ಕಡ್ಡಾಯ ಮಾಡಿದ್ದು 2009ರಲ್ಲಿ. ನಮ್ಮದು 30-40 ಸೈಟು, ಹಳೆ ಮನೆ, ಆಗ ನಮಗೆ ಆ ನಿಯಮ ತಾಗಲಿಲ್ಲ. ಹಾಗಾಗಿ ನಾವು ತಲೆ ಕೆಡಿಸಿಕೊಳ್ಳಲಿಲ್ಲ, ಅದು ತಪ್ಪು. ಲೆಕ್ಕ ಸುಲಭ: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ತಾರಸಿ ಸುಮಾರು 93 ಚದರ ಮೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ. ಅಲ್ಲಿ ಇಲ್ಲಿ ಹೋಗುವುದನ್ನು ಕಳೆದರೂ 70,000 ಲೀಟರ್. ಅಷ್ಟನ್ನೂ ನಾವು ಇಷ್ಟು ವರ್ಷ ಮೋರಿಗೆ ಬಿಟ್ಟು, ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಗುಡ್ಡ ಹತ್ತಿಸಿ ತರಿಸಿಕೊಳ್ಳುತ್ತಿದ್ದೆವು.

ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಪಾರ್ಕ್ ಇದೆ. ಅಲ್ಲಿ ಮಾದರಿಗಳನ್ನು ನೋಡಿ ಬಂದು ಪ್ಲಂಬರ್‌ಗೆ ಚಿತ್ರ ಬರೆದು ತೋರಿಸಿದೆ. ತಾರಸಿಯ ನಾಲ್ಕು ಪೈಪುಗಳನ್ನು ಸೇರಿಸಿ, ಒಂದು ಡ್ರಮ್ಮಿನಲ್ಲಿ ಜಲ್ಲಿ, ಮರಳು, ಬಲೆ ಹಾಕಿ ಸೋಸಿ, ಬಾವಿಗೆ ಬಿಟ್ಟೆವು. ಒಂದು ವಿಷಯ ಮಾತ್ರ ನಾನು ಬಿಟ್ಟುಬಿಟ್ಟೆ. ಮೊದಲ ಮಳೆ ತಾರಸಿಯ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ತೊಳೆದು ತರುತ್ತದೆ. ಮೇ ತಿಂಗಳ ಮೊದಲ ಮಳೆಗೆ ಅದೆಲ್ಲ ಬಾವಿಗೇ ಹೋಯಿತು, ವಾರವಿಡೀ ವಾಸನೆ. ಆಮೇಲೆ 200 ಲೀಟರಿನ ಇನ್ನೊಂದು ಡ್ರಮ್ ಇಟ್ಟೆವು. ಮೊದಲ ಎರಡು ಮಿಲಿಮೀಟರ್ ಮಳೆ ಅದರಲ್ಲಿ ತುಂಬುತ್ತದೆ, ಅದು ಗಿಡಗಳಿಗೆ. ಅದು ತುಂಬಿದ ಮೇಲಿನ ನೀರು ಮಾತ್ರ ಬಾವಿಗೆ. ರಸ್ತೆಯ ನೀರನ್ನು ಯಾವ ಕಾರಣಕ್ಕೂ ಒಳಗೆ ಬಿಡಬೇಡಿ. ಎಣ್ಣೆ, ಕೊಚ್ಚೆ ಎಲ್ಲ ಸೇರುತ್ತದೆ.

ಜೂನ್ 2. ಅಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆಯಾಗಿತ್ತು. ಜೂನ್ ತಿಂಗಳ ಒಂದು ದಿನದ ಮಟ್ಟಿಗೆ ನೂರು ವರ್ಷಕ್ಕೂ ಹೆಚ್ಚು ಹಳೆಯದಾದ ದಾಖಲೆ ಮುರಿದ ಮಳೆ. ಊರೆಲ್ಲ ಮರ ಉರುಳಿ ರಸ್ತೆ ತುಂಬಿದ್ದರೆ, ನಾವು ಟಾರ್ಚ್ ಹಿಡಿದು ಬಾವಿಯ ಮುಂದೆ ನಿಂತಿದ್ದೆವು. ನೀರು ಬೀಳುವ ಸದ್ದು ಮೊದಲು ಆಳದಲ್ಲಿ ಕೇಳುತ್ತಿತ್ತು, ಬರಬರುತ್ತಾ ಹತ್ತಿರವಾಯಿತು. ಬೆಳಿಗ್ಗೆ ಹಗ್ಗ ಇಳಿಸಿ ಅಳೆದರೆ ಆರು ಮೊಳ ನೀರು.

ಮೂರು ದಿನಕ್ಕೆ ಅದು ಎರಡು ಮೊಳಕ್ಕೆ ಇಳಿಯಿತು. ಅತ್ತೆಗೆ ಸಂಕಟ. "ಎಲ್ಲಾ ಹೊರಟೋಯ್ತಲ್ಲೇ" ಅಂದರು. ನನಗೂ ಹಾಗೇ ಅನಿಸಿತ್ತು. ಹೂಳು ತೆಗೆದ ಹಿರಿಯರಿಗೆ ಫೋನ್ ಮಾಡಿದೆ. "ಇಪ್ಪತ್ತೈದು ವರ್ಷ ಒಣಗಿದ ಮಣ್ಣು ಅಲ್ವಾ ಅಕ್ಕಾ, ಮೊದಲು ಅದು ಕುಡೀಲಿ" ಅಂದರು. ಹಾಗೇ ಆಯಿತು. ಪ್ರತಿ ಮಳೆಗೂ ಇಳಿಯುವುದು ನಿಧಾನವಾಯಿತು. ಅಕ್ಟೋಬರ್ ಮಳೆ ಮುಗಿಯುವ ಹೊತ್ತಿಗೆ ಹನ್ನೊಂದು ಮೊಳದಲ್ಲಿ ನಿಂತಿತು.

ಕುಡಿಯಲು ಬಳಸುತ್ತೇವಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಲ್ಯಾಬಿಗೆ ಕೊಟ್ಟಾಗ ಮೊದಲ ಸಲ ಮಲದ ಬ್ಯಾಕ್ಟೀರಿಯಾ ಸಿಕ್ಕಿತು. ಹುಡುಕಿದರೆ ನಮ್ಮದೇ ಬಚ್ಚಲ ಕಡೆಯ ಒಳಚರಂಡಿ ಪೈಪು ಸೀಳಿತ್ತು, ಬಾವಿಯಿಂದ ಹತ್ತೇ ಅಡಿ ದೂರದಲ್ಲಿ. ಪೈಪು ಬದಲಿಸಿದೆವು, ಬಾವಿ ನೀರು ಪೂರ್ತಿ ಎತ್ತಿ ಹಾಕಿಸಿದೆವು. ಈಗ ಪಾತ್ರೆ, ಬಟ್ಟೆ, ಗಿಡ, ನೆಲ ಒರೆಸುವುದು ಎಲ್ಲಕ್ಕೂ ಬಾವಿ ನೀರೇ. ಸೊಳ್ಳೆಗೆ ಗಪ್ಪಿ ಮೀನು ಬಿಡಿ ಅಂದವರಿದ್ದಾರೆ. ಅದು ನಮ್ಮ ನೆಲದ ಮೀನಲ್ಲ, ಕೆರೆ ಸೇರಿದರೆ ಇಲ್ಲಿನ ಮೀನುಗಳಿಗೆ ಕಷ್ಟ. ಸಣ್ಣ ಕಣ್ಣಿನ ಬಲೆ ಬಿಗಿಯಾಗಿ ಕಟ್ಟಿದ್ದೇವೆ.

ಎಲ್ಲ ಸೇರಿ 38,000 ರೂಪಾಯಿ ಖರ್ಚಾಯಿತು. 2025ರ ಮಾರ್ಚ್‌ನಲ್ಲಿ ಒಂದೇ ಒಂದು ಟ್ಯಾಂಕರ್ ಕರೆಸಲಿಲ್ಲ. ಪ್ರತಿ ಸೋಮವಾರ ಗಂಟು ಹಾಕಿದ ಹಗ್ಗ ಇಳಿಸಿ, ನೀರಿನ ಮಟ್ಟವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಆ ಬೇಸಿಗೆಯಲ್ಲಿ ಅದು ನಾಲ್ಕು ಮೊಳಕ್ಕಿಂತ ಕೆಳಗೆ ಹೋಗಲಿಲ್ಲ. ಪಕ್ಕದ ಮನೆಯವರು ಒಂದು ಸೋಮವಾರ ಬಂದು ತಾವೇ ಹಗ್ಗ ಇಳಿಸಿ ನೋಡಿದರು. ಅವರ ಮನೆಯಲ್ಲಿ ಬಾವಿಗೆ ಜಾಗವಿಲ್ಲ. ಕಾಂಪೌಂಡಿನ ಮೇಲೆ ಪೈಪು ದಾಟಿಸಿ ಅವರ ತಾರಸಿಯ ನೀರನ್ನೂ ನಮ್ಮ ಬಾವಿಗೇ ತಂದಿದ್ದೇವೆ. ಕ್ಯಾಲೆಂಡರಿನ ಇನ್ನೊಂದು ಪ್ರತಿ ಈಗ ಅವರ ಅಡುಗೆಮನೆಯಲ್ಲಿದೆ.