20 ನಿಮಿಷದ ಮಾತಿಗೆ ನಾನು ನಡೆಸಿದ ತಯಾರಿ

ಮೂಡಿಗೆರೆ ಸಮೀಪ ನಮಗೆ ಆರು ಎಕರೆ ಅರೇಬಿಕಾ ಕಾಫಿ ತೋಟವಿದೆ. ಗಿಡದ ಕಾಂಡವನ್ನು ಒಳಗಿಂದ ಕೊರೆದು ತಿನ್ನುವ ದುಂಬಿಯ ಮರಿಹುಳು, ಅಂದರೆ ಬಿಳಿ ಕಾಂಡಕೊರಕದ ಹಾವಳಿಯನ್ನು ಒಂದು ಮಟ್ಟಿಗೆ ಹತೋಟಿಗೆ ತಂದುಕೊಂಡಿದ್ದೇನೆಂಬ ಕಾರಣಕ್ಕೆ, ಸೆಪ್ಟೆಂಬರಿನಲ್ಲಿ ನಡೆದ ಬೆಳೆಗಾರರ ಸಭೆಯೊಂದಕ್ಕೆ ಆ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದರು. ಹದಿನಾಲ್ಕು ಪುಟ ಬರೆದುಕೊಂಡು ಹೋಗಿ ತಲೆಯೆತ್ತದೆ ಓದತೊಡಗಿದೆ. ಆರನೆಯ ಪುಟಕ್ಕೆ ಬರುವಷ್ಟರಲ್ಲಿ ಕರೆಂಟ್ ಹೋಗಿ, ಮೋಡ ಕವಿದ ಆ ಮಧ್ಯಾಹ್ನ ಸಭಾಂಗಣವೆಲ್ಲ ಮಬ್ಬಾಯಿತು. ವರ್ಷಗಟ್ಟಲೆ ಕೈಯಾರೆ ಮಾಡಿದ ಕೆಲಸದ ಬಗ್ಗೆ, ಕಾಗದ ಕಾಣದೆ ಹೋದಾಗ, ಒಂದು ವಾಕ್ಯವೂ ನನ್ನ ಬಾಯಿಂದ ಹೊರಡಲಿಲ್ಲ. ಹಿಂದಿನ ಸಾಲಿನವರು ಅದಾಗಲೇ ಕಾಫಿ ಲೋಟ ಹಿಡಿದು ಜಗಲಿಗೆ ಹೋಗಿದ್ದರು.

ಮರುವರ್ಷ ಪುನಃ ಕರೆ ಬಂದಾಗ ಒಪ್ಪಿಕೊಂಡೆ. ಆ ಅವಮಾನ ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕೈಯಲ್ಲಿ ಹನ್ನೆರಡು ದಿನಗಳಿದ್ದವು, ಕೊಟ್ಟ ಸಮಯ 20 ನಿಮಿಷ. ಪೆನ್ನು ಹಿಡಿಯುವ ಮೊದಲು ಸಂಘಟಕರಿಗೆ ಫೋನ್ ಮಾಡಿ, ಯಾರು ಯಾರು ಬರುತ್ತಾರೆಂದು ವಿಚಾರಿಸಿದೆ. ಸುಮಾರು 60 ಜನ, ಹೆಚ್ಚಿನವರು ಸಣ್ಣ ಬೆಳೆಗಾರರು ಎಂದರು. ಕಾಂಡಕೊರಕವನ್ನು ಅವರೇನೂ ನನಗಿಂತ ಕಡಿಮೆ ಕಂಡವರಲ್ಲ. ಅಂಥವರ ಮುಂದೆ ಹಿಂದಿನ ವರ್ಷ ನಾನು ಮೊಟ್ಟೆಯಿಂದ ದುಂಬಿಯವರೆಗಿನ ಜೀವನಚಕ್ರವನ್ನು ಪಾಠ ಒಪ್ಪಿಸಿದಂತೆ ಓದಿದ್ದೆ. ಆಳುಗಳು ಸಿಗದ ಈ ಕಾಲದಲ್ಲಿ ಯಾವ ಕೆಲಸವನ್ನು ಯಾವಾಗ ಮಾಡಿದರೆ ಗಿಡ ಉಳಿಯುತ್ತದೆ ಎಂಬುದಷ್ಟೇ ಅವರಿಗೆ ಬೇಕಾಗಿತ್ತು.

ಹಾಗಾಗಿ ಹದಿನಾಲ್ಕು ಪುಟಗಳನ್ನು ಬದಿಗಿಟ್ಟು, ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕುಗಳಲ್ಲಿ ದುಂಬಿ ಮೊಟ್ಟೆಯಿಡುತ್ತದೆ ಎಂಬ ಒಂದೇ ವಾಕ್ಯವನ್ನು ಹಿಡಿದುಕೊಂಡೆ. ಬಿಸಿಲು ಬೀಳುವುದರಿಂದ ನೆರಳಿನ ಮರಗಳನ್ನು ಉಳಿಸಿಕೊಳ್ಳಬೇಕು. ಬಿರುಕುಗಳಿರುವುದರಿಂದ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯಬೇಕು. ಮೊಟ್ಟೆಯಿಡಲು ಬಿಡಬಾರದೆಂದಾದರೆ ಕಾಂಡಕ್ಕೆ ಸುಣ್ಣ ಹೊಡೆಯಬೇಕು. ದುಂಬಿ ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಅವಧಿಯಲ್ಲಾದ್ದರಿಂದ ಇವೆಲ್ಲವೂ ಅದಕ್ಕೆ ಮೊದಲೇ ಮುಗಿದಿರಬೇಕು. ಒಂದು ಮಾತು ಇನ್ನೊಂದನ್ನು ತಾನೇ ಎಳೆದು ತರುವಂತಾದಾಗ ನೆನಪಿಡುವ ಶ್ರಮ ಅರ್ಧಕ್ಕೆ ಇಳಿಯಿತು. ವಾಸನೆಯಿಂದ ದುಂಬಿಗಳನ್ನು ಸೆಳೆದು ಹಿಡಿಯುವ, ನಾನೇ ಕಟ್ಟಿ ನೋಡಿದ್ದ ಮೋಹಕ ಬಲೆಗಳ ವಿಷಯವನ್ನು ಕೈಬಿಡುವಾಗ ಮಾತ್ರ ಹೊಟ್ಟೆ ಉರಿಯಿತು. ಯಾರಾದರೂ ಕೇಳಿದರೆ ಹೇಳೋಣವೆಂದು ಅದಕ್ಕೊಂದು ಎರಡು ನಿಮಿಷದ ಉತ್ತರವನ್ನು ಬೇರೆಯೇ ಸಿದ್ಧಪಡಿಸಿಟ್ಟೆ.

ನಂತರದ ಎಂಟು ದಿನ, ಸಂಜೆ ಮಳೆ ಬಿಟ್ಟಾಗ, ಕಾಫಿ ಒಣಗಿಸುವ ಖಾಲಿ ಕಣದಲ್ಲಿ ಅಡ್ಡಾಡುತ್ತ ಗಟ್ಟಿಯಾಗಿ ಮಾತನಾಡಿದೆ. ಮೊದಲ ದಿನ 34 ನಿಮಿಷ ಹಿಡಿಯಿತು. ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿದರೆ, ಪ್ರತಿ ಎರಡನೆಯ ವಾಕ್ಯಕ್ಕೂ ‘ಅಂದರೆ, ಅಂದರೆ’ ಎಂದು ತಡವರಿಸುತ್ತಿದ್ದೆ. ಮುಂದೇನು ಹೇಳಬೇಕೆಂದು ತಿಳಿಯದ ಕಡೆಯಲ್ಲೆಲ್ಲ ಆ ಪದ ನುಸುಳುತ್ತಿತ್ತು. ಕಾಗದದ ಮೇಲೆ ಚೆನ್ನಾಗಿ ಕಂಡ ‘ಸಮಗ್ರ ನಿರ್ವಹಣಾ ಕ್ರಮಗಳನ್ನು ಅಳವಡಿಸಿಕೊಳ್ಳುವುದು’ ಎಂಬಂಥ ಮಾತಿಗೆ ನಾಲಗೆ ಹೊರಳಲಿಲ್ಲ. ಅಂಥದ್ದನ್ನೆಲ್ಲ ಕಿತ್ತುಹಾಕಿ, ಆಳುಗಳಿಗೆ ಕೆಲಸ ಹೇಳುವಾಗ ಬಳಸುವ ಮಾತನ್ನೇ ಇಟ್ಟುಕೊಂಡೆ.

ಐದನೆಯ ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಹೇಳಿದೆ. ಮೆಣಸಿನ ಬಳ್ಳಿ ಕಟ್ಟುವ ದಾರ ಬಿಡಿಸುತ್ತಿದ್ದವಳು, ಶೇಕಡಾ 10ರ ಸುಣ್ಣದ ದ್ರಾವಣ ಎಂದಾಗ ತಡೆದಳು. “ಒಂದು ಬ್ಯಾರಲ್‌ಗೆ ಎಷ್ಟು ಕೇಜಿ ಅನ್ನಿ. ತೋಟದಲ್ಲಿ ಪರ್ಸೆಂಟ್ ಲೆಕ್ಕ ಹಾಕ್ತಾ ಯಾರು ಕೂತಿರ್ತಾರೆ?” ಅಂದಿನಿಂದ ಅದು ‘200 ಲೀಟರ್ ಬ್ಯಾರಲ್ ನೀರಿಗೆ 20 ಕೇಜಿ ಸುಣ್ಣ’ ಎಂದಾಯಿತು. ನನ್ನ ಇಡೀ ತಯಾರಿಯಲ್ಲಿ ಅತ್ಯಂತ ಉಪಯುಕ್ತವಾದ ತಿದ್ದುಪಡಿ ಅದೇ ಎಂದು ಈಗಲೂ ಅನ್ನಿಸುತ್ತದೆ.

ಪೂರ್ತಿ ಭಾಷಣವನ್ನು ಬಾಯಿಪಾಠ ಮಾಡಲಿಲ್ಲ, ಏಕೆಂದರೆ ಹಾಗೆ ಕಲಿತದ್ದರಲ್ಲಿ ಒಂದು ಪದ ತಪ್ಪಿದರೆ ಮುಂದಿನದೆಲ್ಲ ಕುಸಿಯುತ್ತದೆ. ಮೊದಲ ಎರಡು ವಾಕ್ಯ ಮತ್ತು ಕೊನೆಯ ಒಂದು ವಾಕ್ಯವನ್ನಷ್ಟೇ ಕಂಠಪಾಠ ಮಾಡಿ, ಉಳಿದದ್ದಕ್ಕೆ ಕಾರ್ಡೊಂದರ ಮೇಲೆ ಐದು ದಪ್ಪಕ್ಷರದ ಸಾಲು ಬರೆದುಕೊಂಡೆ. ಮಬ್ಬು ಬೆಳಕಿನಲ್ಲೂ ಓದಲು ಬರುತ್ತದೆಯೇ ಎಂದು ದೀಪ ಆರಿಸಿ ನೋಡಿದ್ದೂ ಉಂಟು. ಹಿಂದಿನ ದಿನ ಸಭಾಂಗಣಕ್ಕೆ ಹೋಗಿ, ತಮ್ಮನನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸಿ, ಮೈಕಿಲ್ಲದೆ ಎಷ್ಟು ಗಟ್ಟಿಯಾಗಿ ಮಾತನಾಡಬೇಕೆಂದು ಅಂದಾಜು ಮಾಡಿಕೊಂಡೆ.

ಕೊರಕ ಬಿದ್ದು ಕಿತ್ತ ಗಿಡವೊಂದರ ಕಾಂಡದ ಗೇಣುದ್ದದ ತುಂಡನ್ನು ಉದ್ದಕ್ಕೆ ಸೀಳಿಟ್ಟುಕೊಂಡಿದ್ದೆ. ಮರದೊಳಗಿನ ಅಂಕುಡೊಂಕು ಸುರಂಗ, ಅದರಲ್ಲಿ ಒತ್ತಾಗಿ ತುಂಬಿದ ಹುಡಿ, ಹೊರಗೆ ತೊಗಟೆಯ ಮೇಲೆ ಎದ್ದ ಉಬ್ಬು ಗೆರೆ, ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದ್ದವು. ಕಿತ್ತ ಗಿಡಗಳನ್ನು ಸುಡಬೇಕೆಂದು ಹೇಳಹೊರಟವನು ಜೀವಂತ ಹುಳುವನ್ನು ಸಭೆಗೆ ಒಯ್ಯಬಾರದಲ್ಲ, ಹಾಗಾಗಿ ಆ ತುಂಡನ್ನು ನಾಲ್ಕು ದಿನ ಒಲೆಯ ಮೇಲೆ ತೂಗುಹಾಕಿ ಒಣಗಿಸಿದ್ದೆ.

ಸಭೆಯ ದಿನ ಕೈ ನಡುಗಿತು. ಕಂಠಪಾಠದ ಎರಡು ವಾಕ್ಯ ಹೇಳಿ ಮುಗಿಸುತ್ತಲೇ ಕಾಂಡವನ್ನು ಮುಂದಿನ ಸಾಲಿನ ಹಿರಿಯರ ಕೈಗೆ ಕೊಟ್ಟೆ. ಎಲ್ಲರ ಕಣ್ಣು ನನ್ನನ್ನು ಬಿಟ್ಟು ಅದರತ್ತ ತಿರುಗಿದ ಆ ಅರ್ಧ ನಿಮಿಷದಲ್ಲಿ ಉಸಿರು ಹದಕ್ಕೆ ಬಂತು. ಮಾತು 18 ನಿಮಿಷಕ್ಕೆ ಮುಗಿಯಿತು, ಪ್ರಶ್ನೆಗಳು ಮುಕ್ಕಾಲು ಗಂಟೆ ನಡೆದವು, ಮೂರನೆಯದೇ ಮೋಹಕ ಬಲೆಯ ಕುರಿತಾಗಿತ್ತು. ಆ ದಿನ ಕರೆಂಟ್ ಹೋಗಲಿಲ್ಲ. ಕಾಂಡದ ತುಂಡು ಮಾತ್ರ ನನಗೆ ವಾಪಸು ಸಿಗಲಿಲ್ಲ. ಯಾರೋ ಮನೆಯಲ್ಲಿ ತೋರಿಸಲೆಂದು ಒಯ್ದಿದ್ದರಂತೆ.