ದೂರದ ಸಣ್ಣ ವಿಶ್ವವಿದ್ಯಾಲಯದ ಜಾಯಮಾನವನ್ನು ಗೋವೆಯಲ್ಲಿ ಕುಳಿತು ಅರಿಯುವ ಬಗೆ

ವಾಸ್ಕೊ, ಮಡಗಾಂವ, ಫೋಂಡಾಗಳ ಕನ್ನಡ ಮನೆಗಳಲ್ಲಿ ಕೆನಡಾದ ಮಾತು ಈಗ ಹೊಸದಲ್ಲ. ಗದಗ, ಬಾಗಲಕೋಟೆ, ಹಾವೇರಿಗಳಿಂದ ಬಂದು ಬಂದರಿನಲ್ಲೂ ಕಟ್ಟಡದ ಕೆಲಸದಲ್ಲೂ ದುಡಿದವರ ಮೊಮ್ಮಕ್ಕಳು ಹನ್ನೆರಡನೆಯ ತರಗತಿ ಮುಗಿಸುವ ಹೊತ್ತಿಗೆ ಏಜೆಂಟರ ಪಟ್ಟಿಯೊಂದು ಮನೆ ಸೇರಿರುತ್ತದೆ. ನನ್ನ ತಂಗಿಯ ಮಗಳಿಗೆ ಬಂದ ಪಟ್ಟಿಯಲ್ಲಿ ಒಂದು ವಿಶ್ವವಿದ್ಯಾಲಯದ ಹೆಸರಿನ ಮುಂದೆ "ಹ್ಯಾಲಿಫ್ಯಾಕ್ಸ್ ಹತ್ತಿರ" ಎಂದು ಬರೆದಿತ್ತು. ನಕ್ಷೆ ತೆಗೆದು ನೋಡಿದರೆ ಎರಡರ ನಡುವೆ 200 ಕಿಲೋಮೀಟರಿಗೂ ಹೆಚ್ಚು ಅಂತರವಿತ್ತು. ಪಣಜಿಯಿಂದ ಹುಬ್ಬಳ್ಳಿ ಕೂಡ ಅದಕ್ಕಿಂತ ಹತ್ತಿರ. ಪಟ್ಟಿಯನ್ನು ಬದಿಗಿಟ್ಟು, ಆ ಒಂದು ಸಂಸ್ಥೆ ಯಾರದು, ಯಾತಕ್ಕಾಗಿ ಹುಟ್ಟಿತು, ಈಗ ಹೇಗೆ ನಡೆಯುತ್ತಿದೆ ಎಂಬುದನ್ನು ನಾವಿಬ್ಬರೂ ಕೂತು ಓದತೊಡಗಿದೆವು. ಹಾಗೆ ಓದುತ್ತ ಕಲಿತ ಕ್ರಮವನ್ನು, ಅದೇ ಸಂಸ್ಥೆಯನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಅದು ಹ್ಯಾಲಿಫ್ಯಾಕ್ಸ್ ರಾಜಧಾನಿಯಾಗಿರುವ ನೋವಾ ಸ್ಕೋಶಿಯಾ ಪ್ರಾಂತದ ಆಂಟಿಗೊನಿಷ್ ಎಂಬ ಊರಿನಲ್ಲಿರುವ ಸೇಂಟ್ ಫ್ರಾನ್ಸಿಸ್ ಝೇವಿಯರ್ ವಿಶ್ವವಿದ್ಯಾಲಯ. ಗೋವೆಯವರಿಗೆ ಈ ಹೆಸರನ್ನು ಪರಿಚಯಿಸಬೇಕಾಗಿಲ್ಲ. 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡ, ಇಲ್ಲಿಯ ಜನ "ಗೋಂಯ್ಚೊ ಸಾಯ್ಬ್" ಎಂದು ಕರೆಯುವ ಸಂತನ ದೇಹ ಹಳೆ ಗೋವೆಯ ಬೋಮ್ ಜೀಸಸ್ ಬೆಸಿಲಿಕಾದಲ್ಲಿದೆ. ಅವನ ಹೆಸರನ್ನೇ ಅಟ್ಲಾಂಟಿಕ್ ತೀರದ ಒಂದು ಕಾಲೇಜು ಇಟ್ಟುಕೊಂಡಿದೆ ಎಂಬುದೇ ನಮ್ಮಿಬ್ಬರನ್ನು ಮೊದಲು ಸೆಳೆದದ್ದು.

ಮೊದಲು ಮಾಡಬೇಕಾದ ಕೆಲಸವೆಂದರೆ ನಮ್ಮ ದೇಶದ ಅಳತೆಗೋಲನ್ನು ಕೆಳಗಿಡುವುದು. ಗೋವೆಯ ಕಾಲೇಜುಗಳು ಮೊದಲು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1985ರಲ್ಲಿ ಗೋವಾ ವಿಶ್ವವಿದ್ಯಾಲಯ ಬಂದ ಮೇಲೆ ಅದರ ಅಡಿಗೆ ಬಂದವು. ಕಾಲೇಜು ಪಾಠ ಮಾಡುತ್ತದೆ, ವಿಶ್ವವಿದ್ಯಾಲಯ ಪರೀಕ್ಷೆ ನಡೆಸಿ ಪದವಿ ಕೊಡುತ್ತದೆ ಎಂಬುದು ನಮಗೆ ರೂಢಿಯಾದ ಏರ್ಪಾಡು. ಕೆನಡಾದಲ್ಲಿ ಶಿಕ್ಷಣವು ಪ್ರಾಂತಗಳ ಅಧಿಕಾರಕ್ಕೆ ಸೇರಿದ್ದು. ನಮ್ಮ ಯುಜಿಸಿಯಂತಹ ಕೇಂದ್ರ ಆಯೋಗ ಅಲ್ಲಿಲ್ಲ. ಒಂದು ಸಂಸ್ಥೆಗೆ ಪದವಿ ಕೊಡುವ ಅಧಿಕಾರ ಪ್ರಾಂತದ ಶಾಸನಸಭೆ ಮಾಡಿದ ಕಾಯಿದೆಯಿಂದ ಬರುತ್ತದೆ. ನಾಲ್ಕೈದು ಸಾವಿರ ವಿದ್ಯಾರ್ಥಿಗಳಿರುವ ಸಂಸ್ಥೆಯೂ ತಾನೇ ಪಠ್ಯಕ್ರಮ ರೂಪಿಸಿ, ತಾನೇ ಪರೀಕ್ಷೆ ನಡೆಸಿ, ತನ್ನ ಹೆಸರಿನಲ್ಲೇ ಪದವಿ ಕೊಡುತ್ತದೆ. ಆದ್ದರಿಂದ "ಇದು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು?" ಎಂಬ ನಮ್ಮ ಹಿರಿಯರ ಪ್ರಶ್ನೆಯನ್ನು "ಇದಕ್ಕೆ ಕಾಯಿದೆ ಯಾವಾಗ ಬಂತು?" ಎಂದು ತಿದ್ದಿಕೊಂಡು ಕೇಳಬೇಕು.

ಆ ಪ್ರಶ್ನೆ ಕೇಳಿದರೆ ಒಂದೇ ಇಸವಿ ಸಿಗುವುದಿಲ್ಲ, ಹಲವು ಸಿಗುತ್ತವೆ, ಅವೆಲ್ಲವನ್ನೂ ಬರೆದಿಟ್ಟುಕೊಳ್ಳಬೇಕು. ನಮ್ಮ ಉದಾಹರಣೆಯಲ್ಲಿ 1853ರಲ್ಲಿ ಅದೇ ಪ್ರಾಂತದ ಕೇಪ್ ಬ್ರೆಟನ್ ದ್ವೀಪದ ಕಡೆಯ ಆರಿಶಾಟ್ ಎಂಬಲ್ಲಿ ಕಾಲೇಜು ಆರಂಭವಾಯಿತು. 1855ರಲ್ಲಿ ಬಿಷಪ್ ಕಾಲಿನ್ ಮೆಕಿನನ್ ಅದನ್ನು ಆಂಟಿಗೊನಿಷ್‌ಗೆ ತಂದರು. 1866ರಲ್ಲಿ ಶಾಸನಸಭೆ ಪೂರ್ಣ ವಿಶ್ವವಿದ್ಯಾಲಯದ ಅಧಿಕಾರ ಕೊಟ್ಟಿತು. 1868ರಲ್ಲಿ ಮೊದಲ ಪದವಿಗಳು ಹೊರಬಂದವು. ಕೆನಡಾ ಒಂದು ಒಕ್ಕೂಟ ರಾಷ್ಟ್ರವಾದದ್ದು 1867ರಲ್ಲಿ. ಎಂದರೆ ಈ ಸಣ್ಣ ಊರಿನ ವಿಶ್ವವಿದ್ಯಾಲಯದ ಸನ್ನದು ಆ ರಾಷ್ಟ್ರಕ್ಕಿಂತ ಒಂದು ವರ್ಷ ಹಿರಿಯದು. ಇಸವಿಗಳ ನಡುವಿನ ಅಂತರವನ್ನೂ ಗಮನಿಸಬೇಕು. ಮೊದಲ ಪಾಠದಿಂದ ಮೊದಲ ಪದವಿಯವರೆಗೆ ಹದಿನೈದು ವರ್ಷ ಹಿಡಿಯಿತೆಂದರೆ, ಬಡವರ ಊರಿನಲ್ಲಿ ಅಷ್ಟು ಕಾಲ ಅದನ್ನು ಜೀವಂತವಾಗಿಟ್ಟವರು ಯಾರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಅದಕ್ಕೆ ಉತ್ತರವನ್ನು ಆ ಕಾಲದ ಜನರಲ್ಲಿ ಹುಡುಕಬೇಕು. ಆಂಟಿಗೊನಿಷ್ ಸುತ್ತಲಿನದು ಮೂಲನಿವಾಸಿಗಳಾದ ಮಿಕ್ಮಾಕ್ ಜನರ ನೆಲ. ಊರಿನ ಹೆಸರೂ ಅವರ ಭಾಷೆಯಿಂದಲೇ ಬಂದದ್ದು. ಆಮೇಲೆ ಅಲ್ಲಿ ನೆಲೆಸಿದವರಲ್ಲಿ ಹೆಚ್ಚಿನವರು ಸ್ಕಾಟ್ಲೆಂಡಿನ ಬೆಟ್ಟಸೀಮೆಯಿಂದ ವಲಸೆ ಬಂದ, ಗೇಲಿಕ್ ಮಾತನಾಡುವ ಕ್ಯಾಥೋಲಿಕರು. ಊರು ಬಿಟ್ಟು ಬಂದ ಆ ಜನ 1863ರಿಂದ ಅಲ್ಲಿ ತಮ್ಮ ಬೆಟ್ಟಸೀಮೆಯ ಕ್ರೀಡಾಕೂಟವನ್ನು ನಡೆಸಿಕೊಂಡು ಬಂದಿದ್ದಾರೆ, ವಿಶ್ವವಿದ್ಯಾಲಯದಲ್ಲಿ ಗೇಲಿಕ್ ಸೇರಿದಂತೆ ಕೆಲ್ಟಿಕ್ ಭಾಷೆ, ಸಂಸ್ಕೃತಿಗಳ ಅಧ್ಯಯನಕ್ಕೆ ಒಂದು ವಿಭಾಗವನ್ನೇ ಇಟ್ಟಿದ್ದಾರೆ. ಪರನಾಡಿನಲ್ಲಿ ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳಲು ಹೆಣಗುವ ನಮಗೆ ಇದರ ಬೆಲೆ ಬೇರೆಯವರಿಗಿಂತ ಬೇಗ ತಿಳಿಯುತ್ತದೆ.

ಆ ಕಾಲದಲ್ಲಿ ಒಂದೊಂದು ಕ್ರೈಸ್ತ ಪಂಥದವರೂ ತಮ್ಮದೇ ಕಾಲೇಜು ಕಟ್ಟಿಕೊಂಡದ್ದು ಏಕೆ ಎಂಬುದನ್ನು ಅರಿಯಲು ನೆರೆಯ ಸಂಸ್ಥೆಗಳ ಹುಟ್ಟನ್ನೂ ಓದಬೇಕು. ಹ್ಯಾಲಿಫ್ಯಾಕ್ಸಿನ ಡಾಲ್‌ಹೌಸಿ ಕಾಲೇಜನ್ನು 1818ರಲ್ಲಿ ಸ್ಥಾಪಿಸಿದ ಡಾಲ್‌ಹೌಸಿ ಪ್ರಭು ಮುಂದೆ ಭಾರತದ ಸೇನಾಧಿಪತಿಯಾದನು. ಅವನ ಮಗನೇ ದತ್ತು ಮಕ್ಕಳ ಹಕ್ಕನ್ನು ತಳ್ಳಿಹಾಕಿದ ಗವರ್ನರ್ ಜನರಲ್, ಆ ನೀತಿಯ ಬಿಸಿಗೇ ನಮ್ಮ ನರಗುಂದ 1858ರಲ್ಲಿ ಬಂಡೆದ್ದದ್ದು. ತಂದೆ ಕಟ್ಟಿದ ಕಾಲೇಜು ಎಲ್ಲರಿಗೂ ತೆರೆದದ್ದು ಎಂದು ಹೇಳಿಕೊಂಡಿದ್ದರೂ 1838ರಲ್ಲಿ ಬ್ಯಾಪ್ಟಿಸ್ಟ್ ಪಂಥದ ಎಡ್ಮಂಡ್ ಕ್ರಾಲಿ ಎಂಬ ವಿದ್ವಾಂಸನಿಗೆ ಅಲ್ಲಿ ಪ್ರಾಧ್ಯಾಪಕ ಹುದ್ದೆ ಸಿಗಲಿಲ್ಲ, ಪಂಥವೇ ಅದಕ್ಕೆ ಅಡ್ಡಿಯಾಯಿತು. ಅದೇ ವರ್ಷ ಬ್ಯಾಪ್ಟಿಸ್ಟರು ವುಲ್ಫ್‌ವಿಲ್ ಊರಿನಲ್ಲಿ ತಮ್ಮ ಕಾಲೇಜು ಸ್ಥಾಪಿಸಿದರು. ಅದೇ ಇಂದಿನ ಅಕೇಡಿಯಾ ವಿಶ್ವವಿದ್ಯಾಲಯ. ಪಕ್ಕದ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಸ್ಯಾಕ್‌ವಿಲ್‌ನಲ್ಲಿ ಚಾರ್ಲ್ಸ್ ಆಲಿಸನ್ ಎಂಬ ವ್ಯಾಪಾರಿ ಮೆಥಡಿಸ್ಟ್ ಪಂಥದವರಿಗಾಗಿ ಕಟ್ಟಿಸಿದ ಶಾಲೆ ಮೌಂಟ್ ಆಲಿಸನ್ ವಿಶ್ವವಿದ್ಯಾಲಯವಾಗಿ ಬೆಳೆಯಿತು. 1875ರಲ್ಲಿ ಅಲ್ಲಿ ಪದವಿ ಪಡೆದ ಗ್ರೇಸ್ ಆನಿ ಲಾಕ್‌ಹಾರ್ಟ್ ಬ್ರಿಟಿಷ್ ಸಾಮ್ರಾಜ್ಯದಲ್ಲೇ ಸ್ನಾತಕ ಪದವಿ ಪಡೆದ ಮೊದಲ ಮಹಿಳೆ. 1916ರಲ್ಲಿ ಏಳು ಜನ ಶಿಕ್ಷಕರು ಸೇರಿ ಬೆಳಗಾವಿಯಲ್ಲಿ ಹುಟ್ಟುಹಾಕಿದ್ದು ಎಂಬುದನ್ನು ಬಿಟ್ಟು ಕೆಎಲ್‌ಇ ಸಂಸ್ಥೆಯನ್ನು ಅರ್ಥಮಾಡಿಕೊಳ್ಳಲಾಗದಂತೆ, ಯಾರು ಯಾರನ್ನು ಬಾಗಿಲಲ್ಲಿ ತಡೆದರು ಎಂಬುದನ್ನು ಬಿಟ್ಟು ಈ ಸಣ್ಣ ವಿಶ್ವವಿದ್ಯಾಲಯಗಳನ್ನು ಅರ್ಥಮಾಡಿಕೊಳ್ಳಲಾಗದು.

ಹುಟ್ಟಿನ ಕಥೆಯನ್ನು ಎಲ್ಲ ಸಂಸ್ಥೆಗಳೂ ಚೆಂದವಾಗಿಯೇ ಹೇಳಿಕೊಳ್ಳುತ್ತವೆ. ಆದ್ದರಿಂದ ಮುಂದಿನ ಹೆಜ್ಜೆಯಾಗಿ ಸಂಸ್ಥೆಯ ಒಳಜಗಳಗಳನ್ನು ಹುಡುಕಬೇಕು. ಜಾಯಮಾನ ಹೊರಬೀಳುವುದು ಅಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. 1922ರಲ್ಲಿ ಅಮೆರಿಕದ ಕಾರ್ನೆಗಿ ನಿಧಿಯವರು ಸಮುದ್ರತೀರದ ಪ್ರಾಂತಗಳ ಸಣ್ಣ ಕಾಲೇಜುಗಳೆಲ್ಲ ಹ್ಯಾಲಿಫ್ಯಾಕ್ಸಿಗೆ ಬಂದು ಒಂದಾಗಲಿ, ಹಣ ಕೊಡುತ್ತೇವೆ ಎಂಬ ಸಲಹೆ ಮುಂದಿಟ್ಟರು. ಸೇಂಟ್ ಫ್ರಾನ್ಸಿಸ್ ಝೇವಿಯರ್‌ನಲ್ಲಿ ಉಪಾಧ್ಯಕ್ಷರಾಗಿದ್ದ ಪಾದ್ರಿ ಜಿಮ್ಮಿ ಟಾಂಪ್ಕಿನ್ಸ್ ಇದನ್ನು ಮನಸಾರೆ ಬೆಂಬಲಿಸಿದರು. ಬಿಷಪ್ ಜೇಮ್ಸ್ ಮಾರಿಸನ್ ಒಪ್ಪಲಿಲ್ಲ. ಸಂಸ್ಥೆ ಸಲಹೆಯನ್ನು ತಿರಸ್ಕರಿಸಿ ತನ್ನ ಊರಿನಲ್ಲೇ ಉಳಿಯಿತು, ಟಾಂಪ್ಕಿನ್ಸರನ್ನು ಕ್ಯಾನ್ಸೊ ಎಂಬ ದೂರದ ಬೆಸ್ತರ ಹಳ್ಳಿಗೆ ಕಳಿಸಲಾಯಿತು. ಶಿಕ್ಷೆಯಂತಿದ್ದ ಆ ವರ್ಗಾವಣೆಯಿಂದಲೇ ಈ ವಿಶ್ವವಿದ್ಯಾಲಯಕ್ಕೆ ದೊಡ್ಡ ಹೆಸರು ಬಂತು.

ಕ್ಯಾನ್ಸೊದ ಬೆಸ್ತರು ಹಿಡಿದ ಮೀನಿಗೆ ಬೆಲೆ ಕಟ್ಟುವವರು ವರ್ತಕರು, ಬಲೆಗೂ ದಿನಸಿಗೂ ಸಾಲ ಕೊಡುವವರೂ ಅದೇ ವರ್ತಕರು. 1927ರ ಜುಲೈ 1ರಂದು ದೇಶವೆಲ್ಲ ಒಕ್ಕೂಟದ ಅರವತ್ತನೆಯ ವರ್ಷವನ್ನು ಆಚರಿಸುತ್ತಿದ್ದಾಗ ಕ್ಯಾನ್ಸೊದ ಬೆಸ್ತರು ಸಭೆ ಸೇರಿ ತಮಗೆ ಆಚರಿಸುವಂಥದ್ದು ಏನೂ ಇಲ್ಲವೆಂದು ದೂರಿಕೊಂಡರು. ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. 1928ರಲ್ಲಿ ವಿಶ್ವವಿದ್ಯಾಲಯ ವಿಸ್ತರಣಾ ವಿಭಾಗ ತೆರೆದು, ಟಾಂಪ್ಕಿನ್ಸರ ಬಂಧುವೂ ಆಗಿದ್ದ ಪಾದ್ರಿ ಮೋಸೆಸ್ ಕೋಡಿಯವರನ್ನು ಅದರ ನಿರ್ದೇಶಕರನ್ನಾಗಿ ಮಾಡಿತು. ಅವರ ಪದ್ಧತಿ ಸರಳವಾದದ್ದು: ಊರಿನಲ್ಲಿ ಒಂದು ದೊಡ್ಡ ಸಭೆ, ಅದರಿಂದ ಮನೆಮನೆಯ ಅಡುಗೆಕೋಣೆಗಳಲ್ಲಿ ಕೂರುವ ಸಣ್ಣ ಅಧ್ಯಯನ ಕೂಟಗಳು, ಆ ಕೂಟಗಳು ಓದಿ ಚರ್ಚಿಸಿ ಹುಟ್ಟುಹಾಕುವ ಸಹಕಾರ ಸಂಘಗಳು. ಬೆಸ್ತರು ತಾವೇ ಲಾಬ್‌ಸ್ಟರ್ ಡಬ್ಬಿಯ ಕಾರ್ಖಾನೆ ಕಟ್ಟಿದರು. 1932ರಿಂದ ಪ್ರಾಂತದಲ್ಲಿ ಪತ್ತಿನ ಸಂಘಗಳು ತಲೆಯೆತ್ತಿದವು. ಗಣಿ ಕಾರ್ಮಿಕರು ಸೇರಿ ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡರು. ಇದನ್ನೆಲ್ಲ ಒಟ್ಟಾಗಿ ಆಂಟಿಗೊನಿಷ್ ಚಳವಳಿ ಎನ್ನುತ್ತಾರೆ. ಕೋಡಿಯವರು ತೀರಿಕೊಂಡ 1959ರಲ್ಲೇ ಅವರ ಹೆಸರಿನ ಅಂತರರಾಷ್ಟ್ರೀಯ ಸಂಸ್ಥೆ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಭಾರತವೂ ಸೇರಿ ಅನೇಕ ದೇಶಗಳ ಗ್ರಾಮೀಣ ಕಾರ್ಯಕರ್ತರು ಅಲ್ಲಿ ತರಬೇತಿ ಪಡೆದಿದ್ದಾರೆ.

ಇಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ ತಂಗಿಯ ಮಗಳಿಗೆ ನಮ್ಮ ಗದಗ ಜಿಲ್ಲೆಯ ಕಣಗಿನಹಾಳದ ಕಥೆ ಹೇಳಿದೆ. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದ ಸಂಘವನ್ನು 1905ರಲ್ಲಿ ಅಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದರು. ಸಾಲದ ಸುಳಿಯಿಂದ ಜನರನ್ನು ಬಿಡಿಸುವ ಅದೇ ಕೆಲಸ. ಆದರೆ ಅಲ್ಲಿ ಅದನ್ನು ಕೈಗೆತ್ತಿಕೊಂಡದ್ದು ಒಂದು ವಿಶ್ವವಿದ್ಯಾಲಯ. ನೀವು ಯಾವುದೇ ಸಣ್ಣ ಸಂಸ್ಥೆಯನ್ನು ಓದುವಾಗಲೂ "ಇದು ತನ್ನ ಗೋಡೆಯಾಚೆಗಿನ ಜನಕ್ಕೆ ಏನು ಮಾಡಿತು?" ಎಂದು ಕೇಳಿ, ಅದಕ್ಕೆ ನಿಮ್ಮ ಊರಿನಿಂದಲೇ ಒಂದು ಹೋಲಿಕೆಯನ್ನು ಹುಡುಕಿಕೊಳ್ಳಿ. ಹಾಗೆ ಮಾಡಿದಾಗ ಇಸವಿಗಳು ನೆನಪಿನಲ್ಲಿ ಉಳಿಯುತ್ತವೆ.

ಒಂದು ಸಂಸ್ಥೆ ಹೆತ್ತ ಸಂಸ್ಥೆಗಳನ್ನು ನೋಡುವುದೂ ಉಪಯುಕ್ತ. ಇದೇ ವಿಶ್ವವಿದ್ಯಾಲಯ 1951ರಲ್ಲಿ ಕೇಪ್ ಬ್ರೆಟನ್ನಿನ ಸಿಡ್ನಿ ನಗರದಲ್ಲಿ ಕಿರಿಯ ಕಾಲೇಜೊಂದನ್ನು ತೆರೆಯಿತು. 1974ರಲ್ಲಿ ಅದು ತಾಂತ್ರಿಕ ಸಂಸ್ಥೆಯೊಂದರೊಡನೆ ಸೇರಿ ಸ್ವತಂತ್ರವಾಯಿತು, 2005ರಲ್ಲಿ ಕೇಪ್ ಬ್ರೆಟನ್ ವಿಶ್ವವಿದ್ಯಾಲಯ ಎಂಬ ಹೆಸರು ಪಡೆಯಿತು. ಈಚಿನ ವರ್ಷಗಳಲ್ಲಿ ಅಲ್ಲಿಯ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೊರದೇಶದವರು, ಅವರಲ್ಲಿ ಭಾರತೀಯರು ಬಹಳ. ತಾಯಿ ಸಂಸ್ಥೆಯಲ್ಲಾದರೋ ಕೆನಡಾದ ಮಕ್ಕಳೇ ಹೆಚ್ಚು, ಸ್ನಾತಕ ಪದವಿಯೇ ಮುಖ್ಯ, ಸ್ನಾತಕೋತ್ತರ ಕೋರ್ಸುಗಳು ಕೆಲವೇ. ಒಂದೇ ಬೇರಿನಿಂದ ಬಂದ ಎರಡು ಸಂಸ್ಥೆಗಳ ಜಾಯಮಾನ ಇಷ್ಟು ಬೇರೆಯಾಗಬಹುದು. ಪಟ್ಟಿಯಲ್ಲಿ ಎರಡೂ "ನೋವಾ ಸ್ಕೋಶಿಯಾ, ಸಣ್ಣ ಊರು" ಎಂದಷ್ಟೇ ಕಾಣುತ್ತವೆ.

ಇತಿಹಾಸವನ್ನು ಅರಿತ ಮೇಲೆ ಅದು ಈಗಲೂ ಉಸಿರಾಡುತ್ತಿದೆಯೇ ಎಂದು ಪರೀಕ್ಷಿಸಬೇಕು. ಇದಕ್ಕೆ ಬಣ್ಣದ ಕರಪತ್ರ ಸಾಲದು. ವಿಶ್ವವಿದ್ಯಾಲಯ ಪ್ರತಿವರ್ಷ ಪ್ರಕಟಿಸುವ ಅಕಾಡೆಮಿಕ್ ಕ್ಯಾಲೆಂಡರನ್ನು ಇಳಿಸಿಕೊಂಡು ಓದಬೇಕು. ಹೆಸರು ಕ್ಯಾಲೆಂಡರ್ ಎಂದಿದ್ದರೂ ಅದು ಬರಿಯ ದಿನಾಂಕಗಳ ಪಟ್ಟಿಯಲ್ಲ. ಪದವಿಯ ನಿಯಮಗಳು, ಪ್ರತಿ ವಿಭಾಗದ ಅಧ್ಯಾಪಕರ ಹೆಸರು ಮತ್ತು ಹುದ್ದೆ, ಪ್ರತಿ ಕೋರ್ಸಿನ ವಿವರ ಎಲ್ಲವೂ ಅದರಲ್ಲಿರುತ್ತವೆ. ನಿಮಗೆ ಬೇಕಾದ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ ಎಂದು ಎಣಿಸಿ. ಕೊನೆಯ ವರ್ಷದ ಆನರ್ಸ್ ವಿದ್ಯಾರ್ಥಿ ಅಧ್ಯಾಪಕರ ಮಾರ್ಗದರ್ಶನದಲ್ಲಿ ಪ್ರಬಂಧ ಬರೆಯಬೇಕೇ ಎಂದು ನೋಡಿ. ಸಣ್ಣ ಸಂಸ್ಥೆಯ ನಿಜವಾದ ಲಾಭ ಇರುವುದು ಇದರಲ್ಲಿ, ಏಕೆಂದರೆ ಅಧ್ಯಾಪಕರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ. ಎಂಜಿನಿಯರಿಂಗ್ ಬಯಸುವವರು ಇನ್ನಷ್ಟು ಎಚ್ಚರದಿಂದಿರಬೇಕು: ಈ ಭಾಗದ ಸಣ್ಣ ವಿಶ್ವವಿದ್ಯಾಲಯಗಳಲ್ಲಿ ಎರಡು ವರ್ಷದ ಡಿಪ್ಲೊಮಾ ಮುಗಿಸಿ, ಉಳಿದದ್ದನ್ನು ಹ್ಯಾಲಿಫ್ಯಾಕ್ಸಿನ ಡಾಲ್‌ಹೌಸಿಯಲ್ಲಿ ಪೂರೈಸುವ ಪದ್ಧತಿ ಬಹುಕಾಲದಿಂದ ಇದೆ. ಇದನ್ನು ಮೊದಲೇ ತಿಳಿಯದಿದ್ದರೆ ಮನೆಯ ಲೆಕ್ಕವೆಲ್ಲ ತಪ್ಪುತ್ತದೆ.

ಊರನ್ನೂ ಅಷ್ಟೇ ಶ್ರದ್ಧೆಯಿಂದ ಓದಬೇಕು. ಆಂಟಿಗೊನಿಷ್ ಪಟ್ಟಣದ ಜನಸಂಖ್ಯೆ ಸುಮಾರು 4,600. ವಿದ್ಯಾರ್ಥಿಗಳೂ ಹೆಚ್ಚುಕಡಿಮೆ ಅಷ್ಟೇ. ಬೇಸಿಗೆಯಲ್ಲಿ ವಿದ್ಯಾರ್ಥಿಗಳು ಮನೆಗೆ ಹೋದರೆ ಊರು ಅರ್ಧವಾಗುತ್ತದೆ, ಸೆಪ್ಟೆಂಬರಿನಲ್ಲಿ ತುಂಬುತ್ತದೆ. ಅಂಥಲ್ಲಿ ಬಾಡಿಗೆ ಮನೆಯೂ ಅರೆಕಾಲಿಕ ಕೆಲಸವೂ ಟೊರಾಂಟೊದಲ್ಲಿ ಸಿಕ್ಕಂತೆ ಸಿಗುವುದಿಲ್ಲ. ವಿದ್ಯಾರ್ಥಿನಿಲಯದ ಜಾಗವನ್ನು ಪ್ರವೇಶದ ಜೊತೆಗೇ ಖಚಿತಪಡಿಸಿಕೊಳ್ಳಬೇಕು. ವೀಸಾ ನಿಯಮಗಳ ಬಗ್ಗೆ ಹೇಳುವುದು ಒಂದೇ ಮಾತು: 2024ರ ಜನವರಿಯಿಂದ ಕೆನಡಾ ಅಧ್ಯಯನ ಪರವಾನಗಿಗಳಿಗೆ ಮಿತಿ ಹಾಕಿದೆ, ನಿಯಮಗಳು ಆಮೇಲೂ ಬದಲಾಗಿವೆ, ಆದ್ದರಿಂದ ಸರ್ಕಾರದ ಅಧಿಕೃತ ತಾಣವನ್ನು ಬಿಟ್ಟು ಬೇರೆ ಯಾರ ಮಾತನ್ನೂ ಅಂತಿಮವೆಂದು ನಂಬಬಾರದು.

ಕೊನೆಯದಾಗಿ ಸಂಸ್ಥೆಯ ಆಚರಣೆಗಳು. ಸೇಂಟ್ ಫ್ರಾನ್ಸಿಸ್ ಝೇವಿಯರ್‌ನಲ್ಲಿ ಪದವಿಯ ಕೊನೆಯ ಹಂತಕ್ಕೆ ಬಂದವರಿಗೆ ಕಪ್ಪು ಎಕ್ಸ್ ಅಕ್ಷರವಿರುವ ಉಂಗುರ ತೊಡಿಸುತ್ತಾರೆ. ಹಳೆಯ ವಿದ್ಯಾರ್ಥಿಗಳು ಎಲ್ಲೇ ಇದ್ದರೂ ಆ ಉಂಗುರದಿಂದ ಒಬ್ಬರನ್ನೊಬ್ಬರು ಗುರುತಿಸುತ್ತಾರೆ. ಅದನ್ನು ತೊಡಿಸುವ ದಿನ ಡಿಸೆಂಬರ್ 3. ಹಳೆ ಗೋವೆಯಲ್ಲಿ ಒಂಬತ್ತು ದಿನಗಳ ಪ್ರಾರ್ಥನೆಯಾದ ನವೇನ ಮುಗಿದು ಸಂತನ ಹಬ್ಬವಾದ ಫೆಸ್ತಿಗೆ ಜನ ಸಾಗರವಾಗಿ ಸೇರುವ ದಿನವೇ ಅದು. ಇಂಥ ಆಚರಣೆ ಹಳೆಯ ವಿದ್ಯಾರ್ಥಿಗಳ ಬಳಗವನ್ನು ಗಟ್ಟಿಯಾಗಿಡುತ್ತದೆ, ಮುಂದೆ ಕೆಲಸ ಹುಡುಕುವಾಗ ಆ ಬಳಗ ನೆರವಿಗೆ ಬರುತ್ತದೆ. ಹಾಗೆಯೇ ಹೊರಗಿನಿಂದ ಬಂದವರಿಗೆ ಮೊದಲ ವರ್ಷ ತಾವು ಹೊರಗಿನವರು ಎಂಬ ಭಾವನೆಯನ್ನೂ ತರಬಹುದು. ಎರಡನ್ನೂ ಮಕ್ಕಳಿಗೆ ಮೊದಲೇ ಹೇಳುವುದು ಒಳ್ಳೆಯದು.

ಓದಿ ಉಳಿದ ಪ್ರಶ್ನೆಗಳನ್ನು ಒಂದು ಪುಟದಲ್ಲಿ ಬರೆದು, ಏಜೆಂಟರ ಮೂಲಕವಲ್ಲದೆ ವಿದ್ಯಾರ್ಥಿಯೇ ತನ್ನ ಹೆಸರಿನಲ್ಲಿ ಪ್ರವೇಶ ವಿಭಾಗಕ್ಕೂ ತನ್ನ ವಿಷಯದ ಒಬ್ಬ ಅಧ್ಯಾಪಕರಿಗೂ ಕಳಿಸಬೇಕು. ಫೋನ್ ಮಾಡುವುದಿದ್ದರೆ ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ, ಬೇಸಿಗೆಯಲ್ಲಿ ಎಂಟೂವರೆ ಗಂಟೆ ಹಿಂದಿರುತ್ತದೆ. ನಮ್ಮಲ್ಲಿ ಸಂಜೆ ಏಳರ ಹೊತ್ತಿಗೆ ಅಲ್ಲಿ ಕಚೇರಿ ತೆರೆದಿರುತ್ತದೆ.