ವೈ-ಫೈ ಗುರುತು ಇದ್ದರೂ ಮೊಬೈಲ್ ಡೇಟಾ ಖಾಲಿಯಾಗುತ್ತಿದ್ದುದು: ನನ್ನ ಅನುಭವ

ಶಿರಸಿಯಿಂದ ಕುಮಟಾಕ್ಕೆ ಹೋಗುವ ರಸ್ತೆಯಿಂದ ಒಳಗೆ, ಅಡಿಕೆ ತೋಟದ ಮಗ್ಗುಲಿನ ತಗ್ಗಿನಲ್ಲಿ ನಮ್ಮ ಮನೆಯಿದೆ. ಜಗುಲಿಯಲ್ಲಿ 4ಜಿ ಸಿಗ್ನಲ್ ಎರಡು ಗೆರೆ ತೋರಿಸುತ್ತದೆ, ಅಡುಗೆಮನೆಗೆ ಹೋದರೆ ಒಂದೂ ಇರುವುದಿಲ್ಲ. ಮೂರು ವರ್ಷಗಳ ಹಿಂದೆ ಫೈಬರ್ ಸಂಪರ್ಕ ಬಂದು, ಮನೆಯೊಳಗೆ ವೈ-ಫೈ ಹಾಕಿಸಿದ ಮೇಲೆ ಎಲ್ಲರ ಫೋನಿಗೂ ದಿನಕ್ಕೆ 1.5 ಜಿಬಿಯ ಪ್ಯಾಕ್ ಧಾರಾಳವಾಗಿ ಸಾಕೆಂದು ನಾನು ಲೆಕ್ಕ ಹಾಕಿದ್ದೆ. ಆದರೆ ಮಳೆಗಾಲ ಹಿಡಿಯುತ್ತಿದ್ದಂತೆ ಆ ಲೆಕ್ಕ ತಪ್ಪತೊಡಗಿತು. ಮನೆಬಿಟ್ಟು ಹೊರಗೆ ಹೋಗುವುದೇ ಅಪರೂಪವಾದ ಆಯಿ (ನನ್ನ ತಾಯಿ) ವಾರಕ್ಕೆರಡು ಬಾರಿಯಾದರೂ ಸಂಜೆಯ ಹೊತ್ತಿಗೆ ಬಂದು, "ತಮಾ, ಇಂದೂ ನೆಟ್ ಖಾಲಿ ಆತು ಹೇಳಿ ಮೆಸೇಜ್ ಬಂತು" ಎನ್ನುತ್ತಿದ್ದರು. ಪ್ಯಾಕ್ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಂದರೆ ಸೆಕೆಂಡಿಗೆ 8 ಕಿಲೋಬೈಟ್. 200 ಕಿಲೋಬೈಟಿನ ಒಂದು ಸಾಧಾರಣ ಫೋಟೊ ತೆರೆದುಕೊಳ್ಳಲು 25 ಸೆಕೆಂಡ್ ಕಾಯಬೇಕು.

ಫೋನಿನ ಮೇಲಂಚಿನಲ್ಲಿ ವೈ-ಫೈ ಗುರುತು ಸದಾ ಕಾಣಿಸುತ್ತಿತ್ತು. ಹಾಗಿದ್ದ ಮೇಲೆ ಮೊಬೈಲ್ ಡೇಟಾ ಖರ್ಚಾಗುವುದು ಹೇಗೆ ಎಂಬುದೇ ನನಗೆ ತಿಳಿಯಲಿಲ್ಲ. ಒಂದು ದಿನ ಆಯಿಯ ಫೋನನ್ನು ಕೈಯಲ್ಲಿ ಹಿಡಿದು ಸರಿಯಾಗಿ ನೋಡಿದಾಗ, ವೈ-ಫೈ ಗುರುತಿನ ಬದಿಗೆ ಸಾಸಿವೆಯಷ್ಟು ಸಣ್ಣ ಆಶ್ಚರ್ಯಸೂಚಕ ಚಿಹ್ನೆ ಇತ್ತು, ಪಕ್ಕದ 4ಜಿ ಅಕ್ಷರದ ಬಳಿ ಮೇಲೆ-ಕೆಳಗೆ ಹೋಗುವ ಎರಡು ಬಾಣಗಳು ಮಿನುಗುತ್ತಿದ್ದವು. ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ, ಫೈಬರಿನಲ್ಲಿ ಸಿಗ್ನಲ್ ಬರುತ್ತಿಲ್ಲವೆಂದು ತಿಳಿಸುವ ದೀಪ ಕೆಂಪಾಗಿ ಹೊಡೆದುಕೊಳ್ಳುತ್ತಿತ್ತು. ಎಲ್ಲೋ ಮರದ ಕೊಂಬೆ ಬಿದ್ದು ಫೈಬರ್ ತುಂಡಾಗಿತ್ತು. ರೂಟರ್ ಮಾತ್ರ ಇನ್ವರ್ಟರಿನ ಬಲದಲ್ಲಿ ತನ್ನ ವೈ-ಫೈಯನ್ನು ಹರಡುತ್ತಲೇ ಇತ್ತು.

ಅನುಮಾನ ಪರಿಹರಿಸಿಕೊಳ್ಳಲು, ಲೈನ್ ಸರಿಯಾದ ಮೇಲೆ ಒಂದು ಪರೀಕ್ಷೆ ಮಾಡಿದೆ. ನಮ್ಮಲ್ಲಿ ಫೈಬರ್ ಪೆಟ್ಟಿಗೆ ಮತ್ತು ವೈ-ಫೈ ರೂಟರ್ ಬೇರೆ ಬೇರೆಯಾಗಿದ್ದು, ನಡುವೆ ಒಂದು ಲ್ಯಾನ್ ಕೇಬಲ್ ಇದೆ. ಆಯಿಯ ಫೋನಿನಲ್ಲಿ ಯೂಟ್ಯೂಬಿನ ಯಕ್ಷಗಾನ ಓಡುತ್ತಿರುವಾಗಲೇ ಆ ಕೇಬಲನ್ನು ಕಿತ್ತೆ. ಭಾಗವತರ ಪದ್ಯ ಕ್ಷಣಕಾಲ ತಡವರಿಸಿ ಮತ್ತೆ ಸರಾಗವಾಗಿ ಮುಂದುವರಿಯಿತು. ಸೆಟ್ಟಿಂಗ್ಸ್‌ನಲ್ಲಿ ಡೇಟಾ ಯೂಸೇಜ್ ತೆರೆದಾಗ ಯೂಟ್ಯೂಬಿನ ಎದುರಿನ ಮೊಬೈಲ್ ಡೇಟಾದ ಅಂಕಿ ಏರುತ್ತಿತ್ತು. ಪ್ರಸಂಗ ನೋಡುವವರಿಗೆ ಇದು ತಿಳಿಯಲು ದಾರಿಯೇ ಇಲ್ಲ.

ಇದಕ್ಕೆ ಕಾರಣ ಸರಳವಾಗಿದೆ. ಆ್ಯಂಡ್ರಾಯ್ಡ್ ಫೋನ್ ವೈ-ಫೈಗೆ ಸೇರಿದೊಡನೆ ಗೂಗಲ್‌ನ ಒಂದು ವಿಳಾಸಕ್ಕೆ ಚಿಕ್ಕ ಕೋರಿಕೆ ಕಳುಹಿಸುತ್ತದೆ. ನಿರೀಕ್ಷಿಸಿದ ಖಾಲಿ ಉತ್ತರ ಬಂದರೆ ಇಂಟರ್ನೆಟ್ ಇದೆಯೆಂದು, ಬಾರದಿದ್ದರೆ ಇಲ್ಲವೆಂದು ತೀರ್ಮಾನಿಸಿ, ಮೊಬೈಲ್ ಡೇಟಾ ಆನ್ ಇದ್ದರೆ ಅದರತ್ತ ಹೊರಳುತ್ತದೆ. ಐಫೋನಿನಲ್ಲಿ ಇಂಥದೇ ಕೆಲಸ ಮಾಡುವ ವೈ-ಫೈ ಅಸಿಸ್ಟ್ ಎಂಬುದು 2015ರ ಐಒಎಸ್ 9ರಿಂದ ಇದೆ. ಮೊಬೈಲ್ ಡೇಟಾದ ಪುಟದಲ್ಲಿ ಆ್ಯಪ್‌ಗಳ ಉದ್ದನೆಯ ಪಟ್ಟಿಯನ್ನು ದಾಟಿ ಕೆಳಗೆ ಹೋದರೆ ಅದು ಸಿಗುತ್ತದೆ. ಸ್ಯಾಮ್‌ಸಂಗ್‌ನಲ್ಲಿ ವೈ-ಫೈಯ ಒಳಗಿನ ಸೆಟ್ಟಿಂಗ್‌ಗಳಲ್ಲಿ "ಸ್ವಿಚ್ ಟು ಮೊಬೈಲ್ ಡೇಟಾ" ಎಂಬ ಹೆಸರಿದೆ. ಬೇರೆ ಕಂಪನಿಗಳ ಫೋನುಗಳಲ್ಲಿ ಹೆಸರು ಸ್ವಲ್ಪ ಬೇರೆಯಾಗಿರಬಹುದು, ಮೊದಲು ವೈ-ಫೈ ಪುಟದಲ್ಲಿ ಹುಡುಕಿ ನೋಡಬೇಕು.

ನನ್ನ ಫೋನಿನಲ್ಲಿ ಇದನ್ನು ಆಫ್ ಮಾಡಿದೆ. ಆಯಿಯ ಫೋನಿಗೆ ಅದಕ್ಕಿಂತ ನೇರವಾದ ದಾರಿ ಹಿಡಿದು, ಮೊಬೈಲ್ ಡೇಟಾವನ್ನೇ ಆಫ್ ಮಾಡಿಟ್ಟೆ. ಹೀಗೆ ಮಾಡಿದರೆ ಕರೆಗಳು ನಿಂತುಹೋಗುತ್ತವೆ ಎಂಬ ಭಯ ನಮ್ಮ ಊರಿನಲ್ಲಿ ಬಹಳ ಜನರಿಗಿದೆ. ಹಾಗೆ ಆಗುವುದಿಲ್ಲ, ಡೇಟಾ ಆಫ್ ಇದ್ದರೂ 4ಜಿಯ ಮೇಲಿನ ಕರೆ ಬರುತ್ತದೆ, ಎಸ್‌ಎಂಎಸ್‌ನಲ್ಲಿ ಬರುವ ಬ್ಯಾಂಕಿನ ಒಟಿಪಿಯೂ ಬರುತ್ತದೆ. ಪೇಟೆಗೆ ಹೋಗುವಾಗ ಪರದೆಯನ್ನು ಮೇಲಿನಿಂದ ಕೆಳಗೆ ಎಳೆದು ಮೊಬೈಲ್ ಡೇಟಾದ ಗುಂಡಿ ಒತ್ತುವುದನ್ನು ಆಯಿಗೆ ಹೇಳಿಕೊಟ್ಟಿದ್ದೇನೆ, ಅವರು ಎರಡೇ ದಿನದಲ್ಲಿ ಕಲಿತರು.

ಡೆವಲಪರ್ ಆಪ್ಷನ್ಸ್ (ತಂತ್ರಜ್ಞರಿಗಾಗಿ ಅಡಗಿಸಿಟ್ಟ ಸೆಟ್ಟಿಂಗ್‌ಗಳ ಪುಟ) ಒಳಗಿನ "ಮೊಬೈಲ್ ಡೇಟಾ ಆಲ್ವೇಸ್ ಆ್ಯಕ್ಟಿವ್" ಎಂಬುದನ್ನು ಆಫ್ ಮಾಡಿದರೆ ಎಲ್ಲ ಸರಿಯಾಗುತ್ತದೆ ಎಂದು ಕೆಲವರು ನನಗೆ ಹೇಳಿದರು. ಬಿಲ್ಡ್ ನಂಬರಿನ ಮೇಲೆ ಏಳು ಬಾರಿ ಒತ್ತಿ ಅಲ್ಲಿಯವರೆಗೂ ಹೋಗಿ ನೋಡಿದೆ. ವೈ-ಫೈಯಿಂದ ಮೊಬೈಲಿಗೆ ಬೇಗ ಹೊರಳಲೆಂದು ಎರಡನ್ನೂ ಸಿದ್ಧವಾಗಿಡುವುದಷ್ಟೇ ಅದರ ಕೆಲಸ. ಆಫ್ ಮಾಡಿದರೆ ಬ್ಯಾಟರಿ ಸ್ವಲ್ಪ ಉಳಿಯಬಹುದು, ನಮ್ಮ ತೊಂದರೆಯ ಮೂಲ ಅದಲ್ಲ.

ಉಳಿದ ಆ್ಯಪ್‌ಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ವಾಟ್ಸ್‌ಆ್ಯಪ್‌ನ ಸ್ಟೋರೇಜ್ ಮತ್ತು ಡೇಟಾ ಪುಟದಲ್ಲಿ, ಮೊಬೈಲ್ ಡೇಟಾ ಬಳಸುವಾಗ ತಾನಾಗಿ ಇಳಿಯುವ ಫೋಟೊ, ಧ್ವನಿ, ವಿಡಿಯೊ ಮೂರನ್ನೂ ತೆಗೆದೆ. ಅಡಿಕೆ ಧಾರಣೆಯ ಗುಂಪೊಂದರಲ್ಲಿಯೇ ದಿನಕ್ಕೆ ಹತ್ತಾರು ವಿಡಿಯೊ ಬರುತ್ತವೆ. ಪ್ಲೇ ಸ್ಟೋರಿನ ಅಪ್‌ಡೇಟ್ ಮತ್ತು ಫೋಟೊಗಳ ಬ್ಯಾಕಪ್ ವೈ-ಫೈಯಲ್ಲಿ ಮಾತ್ರ ಆಗುವಂತೆ ಮಾಡಿದೆ. 2016ರ ಆ್ಯಂಡ್ರಾಯ್ಡ್ 7ರಿಂದ ಬಂದಿರುವ ಡೇಟಾ ಸೇವರ್ ಕೂಡ ಆನ್ ಇದೆ. ಆದರೆ ಅದು ಹಿನ್ನೆಲೆಯ ಆ್ಯಪ್‌ಗಳನ್ನು ತಡೆಯುವುದರಿಂದ, ಸಂದೇಶಗಳು ತಡವಾಗಬಾರದೆಂದು ವಾಟ್ಸ್‌ಆ್ಯಪ್‌ಗೆ ವಿನಾಯಿತಿ ಕೊಟ್ಟಿದ್ದೇನೆ.

ಇನ್ನೊಂದು ಪಾಠವನ್ನು ಲ್ಯಾಪ್‌ಟಾಪ್ ಕಲಿಸಿತು. ನಾನು ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಜುಲೈಯಲ್ಲಿ, ರಿಟರ್ನ್ ತುಂಬುವ ಗಡಿಬಿಡಿಯ ದಿನಗಳಲ್ಲಿ, ಫೈಬರ್ ಇಲ್ಲದೆ ಜಗುಲಿಯಲ್ಲಿ ಕುಳಿತು ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಜೋಡಿಸಿದ್ದೆ. ಅದು ಹಾಟ್‌ಸ್ಪಾಟನ್ನೂ ಮನೆಯ ವೈ-ಫೈಯೆಂದೇ ಭಾವಿಸಿ ವಿಂಡೋಸ್ ಅಪ್‌ಡೇಟ್ ಇಳಿಸಿಕೊಳ್ಳತೊಡಗಿತು. ಅರ್ಧ ತಾಸಿನೊಳಗೆ ದಿನದ ಪಾಲು ಮುಗಿದು, ಅರ್ಧ ತುಂಬಿದ ಅರ್ಜಿ ಹಾಗೇ ನಿಂತಿತು. ಆ ರಾತ್ರಿ ಹನ್ನೆರಡಕ್ಕೆ ಹೊಸ ದಿನದ ಡೇಟಾ ಬರುವವರೆಗೆ ಎಚ್ಚರವಿದ್ದು ಕೆಲಸ ಮುಗಿಸಿದೆ. ಈಗ ಲ್ಯಾಪ್‌ಟಾಪಿನಲ್ಲಿ ಆ ಹಾಟ್‌ಸ್ಪಾಟಿನ ಹೆಸರಿನಡಿ "ಮೀಟರ್ಡ್ ಕನೆಕ್ಷನ್" (ಈ ಸಂಪರ್ಕದ ಡೇಟಾಕ್ಕೆ ಮಿತಿಯಿದೆ ಎಂಬ ಸೂಚನೆ) ಎಂಬುದನ್ನು ಆನ್ ಮಾಡಿದ್ದೇನೆ. ಇದೊಂದನ್ನು ಹಾಟ್‌ಸ್ಪಾಟ್ ಬಳಸುವ ಪ್ರತಿಯೊಬ್ಬರೂ ಮೊದಲ ದಿನವೇ ಮಾಡಿಕೊಳ್ಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಸಿಗ್ನಲ್ ಇಲ್ಲದ ಅಡುಗೆಮನೆಗೆ ವೈ-ಫೈ ಕಾಲಿಂಗ್ ದೊಡ್ಡ ಉಪಕಾರ ಮಾಡಿದೆ. ಅದನ್ನು ಆನ್ ಮಾಡಿದ ಮೇಲೆ ಸಾಮಾನ್ಯ ಕರೆಗಳೇ ರೂಟರಿನ ಮೂಲಕ ಬರುತ್ತವೆ. ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿ ಸೋರುವ ದಿನ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ವೈ-ಫೈಯನ್ನು ಮಾತ್ರ ಮತ್ತೆ ಆನ್ ಮಾಡಿದರೂ ಕರೆ ಬರುತ್ತದೆ; ಫೈಬರ್ ಹೋದರೆ ಮಾತ್ರ ಆ ಕರೆಗಳೂ ಹೋಗುತ್ತವೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ನನ್ನ ಫೋನಿನಲ್ಲಿ ಆಫ್ ಮಾಡಿದ್ದ "ಸ್ವಿಚ್ ಟು ಮೊಬೈಲ್ ಡೇಟಾ"ವನ್ನು ಕೆಲವು ವಾರಗಳ ನಂತರ ಮತ್ತೆ ಆನ್ ಮಾಡಿದೆ. ಅಡಿಕೆ ಒಣಗಿಸುವ ಮೇಲಿನ ಅಂಗಳಕ್ಕೆ ಹೋದಾಗ ಫೋನ್ ಮನೆಯ ಸೋತ ವೈ-ಫೈಯನ್ನೇ ಹಿಡಿದುಕೊಂಡು ಕೂರುತ್ತಿತ್ತು, ವಾಟ್ಸ್‌ಆ್ಯಪ್ ಕರೆಯಲ್ಲಿ ನಾನು ಹೇಳಿದ ಧಾರಣೆ ಅತ್ತಲಿನವರಿಗೆ ಮುರಿದು ಮುರಿದು ಕೇಳುತ್ತಿತ್ತು. ನಾನು ಗುರುತುಗಳನ್ನು ನೋಡಿ ಫೈಬರ್ ಹೋಗಿದೆಯೆಂದು ತಿಳಿಯಬಲ್ಲೆನಾದ್ದರಿಂದ ನನಗೆ ಆ ಹೊರಳುವಿಕೆಯಿಂದ ಲಾಭವೇ ಹೆಚ್ಚು. ಆಯಿಯ ಫೋನಿನಲ್ಲಿ ಡೇಟಾ ಈಗಲೂ ಆಫ್ ಇದೆ. ಯಕ್ಷಗಾನ ನಡುವೆ ನಿಂತರೆ ಅವರು ಮೊದಲು ಗೋಡೆಯ ಕೆಂಪು ದೀಪ ನೋಡುತ್ತಾರೆ, ಆಮೇಲೆ ನನ್ನನ್ನು ಕರೆಯುತ್ತಾರೆ.